ದೂರದ ಕ್ಷೇಮಸಮಾಚಾರ

ವಾಚಕ ಮಹಾಶಯರೇ, ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹಿರಿಯರ ಕಾಲದ ಕಾಗದಗಳು ಉಳಿದಿದ್ದರೆ ಒಂದನ್ನು ತೆಗೆದು ನೋಡಿರಿ. ಮೊದಲ ಸಾಲಿನಲ್ಲಿಯೇ ‘ಉಭಯ ಕುಶಲೋಪರಿ’ ಎಂದೋ, ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು’ ಎಂದೋ ಬರೆದಿರುತ್ತದೆ. ಕಣ್ಣಿಗೆ ಕಾಣದಷ್ಟು ದೂರದಲ್ಲಿರುವವರ ಸ್ಥಿತಿಯನ್ನು ತಿಳಿಯಬೇಕೆಂಬ ಹಂಬಲ ಮನುಷ್ಯನಷ್ಟೇ ಹಳೆಯದು. ಅರಸನಿಗೆ ಚಾರರೇ ಕಣ್ಣುಗಳೆಂದು ನಮ್ಮ ರಾಜನೀತಿಯ ಗ್ರಂಥಗಳು ಹೇಳುವುದೂ ಈ ಕಾರಣಕ್ಕಾಗಿಯೇ.

ಇಂದು ಮನುಷ್ಯರಷ್ಟೇ ಅಲ್ಲ, ಯಂತ್ರಗಳೂ ದೂರದಿಂದ ತಮ್ಮ ಕ್ಷೇಮವನ್ನು ತಿಳಿಸುತ್ತವೆ. ನಿಮ್ಮ ಕೈಯ ಮೊಬೈಲಿನಲ್ಲಿ ಹಣ ಕಳುಹಿಸುವ, ರೈಲಿನ ಟಿಕೇಟು ಕಾದಿರಿಸುವ ತಂತ್ರಾಂಶಗಳಿವೆಯಷ್ಟೆ. ಅವುಗಳ ಹಿಂದೆ ಎಲ್ಲಿಯೋ ದುಡಿಯುವ ಗಣಕಗಳು ತಮ್ಮ ಬಳಿಗೆ ಎಷ್ಟು ಮಂದಿ ಬಂದರು, ಉತ್ತರ ಕೊಡಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕೆಲಸ ಕೆಟ್ಟಿತು ಎಂಬುದನ್ನು ತಾವೇ ಎಣಿಸಿ, ಕ್ಷಣಕ್ಷಣಕ್ಕೂ ಒಂದು ಕೇಂದ್ರಕ್ಕೆ ಕಳುಹಿಸುತ್ತಿರುತ್ತವೆ. 1995ರಲ್ಲಿ ಇನ್ಫೋಸಿಸ್ ಸಂಸ್ಥೆ ನಮ್ಮ ಮಂಗಳೂರಿಗೆ ಬಂದ ಮೇಲೆ ಈ ವಿದ್ಯೆಯನ್ನು ಬಲ್ಲ ತರುಣ ತರುಣಿಯರು ಇಲ್ಲಿಯ ಮನೆಮನೆಗಳಲ್ಲಿ ಇದ್ದಾರೆಂದರೂ ತಪ್ಪಾಗಲಾರದು. ಆದರೆ ಈ ವಿದ್ಯೆ ಗಣಕದೊಡನೆ ಹುಟ್ಟಿದುದಲ್ಲ. ಅದರ ವಂಶಾವಳಿಯನ್ನು ಇಲ್ಲಿ ತುಸು ನೋಡೋಣ.

1864ರಲ್ಲಿ ಭಾರಿ ಚಂಡಮಾರುತವೊಂದು ಕಲ್ಕತ್ತೆಯನ್ನು ಹೊಡೆಯಿತು. 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. ಒಂದೊಂದು ಊರಿನಲ್ಲಿ ಯಾರೋ ಗಾಳಿಯ ಒತ್ತಡವನ್ನೂ ಮಳೆಯ ಪ್ರಮಾಣವನ್ನೂ ಬರೆದಿಟ್ಟುಕೊಂಡರೆ ಸಾಲದು, ಎಲ್ಲೆಡೆಯ ಲೆಕ್ಕವೂ ಒಂದೆಡೆ ಸೇರಬೇಕು ಎಂಬ ತಿಳಿವು ಇಂಥ ಪೆಟ್ಟುಗಳಿಂದ ಬಂದಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಅಳೆದುದನ್ನು ತಂತಿಯ ಮೂಲಕ ಕಳುಹಿಸುವ ಪದ್ಧತಿ ಬೇರೂರಿತು. ತಂತಿಯಲ್ಲಿ ಪದಕ್ಕೆ ಇಷ್ಟೆಂದು ದುಡ್ಡು; ಆದ್ದರಿಂದ ವರ್ಣನೆಗೆ ಎಡೆಯಿಲ್ಲ, ಅಂಕೆಗಳಷ್ಟೇ. ಜನರಿಗಾಗಿ ಇದ್ದ ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ ಅಂಕೆಯಲ್ಲಿ ಮಾತನಾಡುವ ಆ ಮಿತಭಾಷೆ ಯಂತ್ರಗಳ ಬಾಯಿಯಲ್ಲಿ ಇನ್ನೂ ಬದುಕಿದೆ.

ಮುಂದಿನ ಹೆಜ್ಜೆ ರೇಡಿಯೋದ್ದು. ಮೇಲಿನ ಆಕಾಶದ ಸ್ಥಿತಿಯನ್ನು ಅರಿಯಲು ಅಲ್ಲಿಗೆ ವೀಕ್ಷಕನನ್ನು ಕಳುಹಿಸುವಂತಿಲ್ಲ. 1929ರಲ್ಲಿ ಫ್ರಾನ್ಸಿನ ರಾಬರ್ಟ್ ಬ್ಯೂರೋ, 1930ರಲ್ಲಿ ರಷ್ಯದ ಮೊಲ್ಚಾನೊವ್, ಬಲೂನಿಗೆ ಅಳತೆಯ ಉಪಕರಣವನ್ನೂ ಸಣ್ಣದೊಂದು ರೇಡಿಯೋ ಪ್ರೇಷಕವನ್ನೂ ಕಟ್ಟಿ ಹಾರಿಸಿದರು. ನಮ್ಮ ಪಣಂಬೂರಿನಲ್ಲಿಯೂ ಹವಾಮಾನ ಇಲಾಖೆಯ ಇಂಥ ಕೇಂದ್ರವಿದೆ. ಮೇಲೇರುವ ಬಲೂನು ದಾರಿಯುದ್ದಕ್ಕೂ ಒತ್ತಡ, ಉಷ್ಣತೆ, ತೇವಾಂಶಗಳನ್ನು ಹೇಳುತ್ತ ಹೋಗಿ ಕೊನೆಗೆ ಒಡೆದುಬೀಳುತ್ತದೆ. ಅದು ಮರಳಿ ಬರಬೇಕಾಗಿಲ್ಲ. ಹೇಳಬೇಕಾದುದನ್ನು ಮೊದಲೇ ಹೇಳಿ ಮುಗಿಸಿರುತ್ತದೆ. ದೂರಮಾಪನವೆಂದರೆ ಇದೇ.

ಈ ದೂರಮಾಪನವನ್ನು ಭೂಮಿಯಾಚೆಗೆ ಒಯ್ದ ಭಾರತೀಯರಲ್ಲಿ ಮೊದಲಿಗರಾಗಿ ನಿಲ್ಲುವವರು ನಮ್ಮ ಕರಾವಳಿಯವರೇ. 1932ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ‘ಆರ್ಯಭಟ’ ಸಿದ್ಧವಾಯಿತು. ಸುಮಾರು 360 ಕಿಲೋಗ್ರಾಂ ತೂಕದ ಈ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ರಾಕೆಟ್ಟು ಮೇಲಕ್ಕೊಯ್ದಿತು. ಅಲ್ಲಿಂದ ಬರುವ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಸ್ವೀಕಾರ ಕೇಂದ್ರವಾಗಿ ಮಾರ್ಪಡಿಸಲಾಗಿತ್ತೆಂದು ಆ ಕಾಲದ ಬಡತನವನ್ನೂ ಛಲವನ್ನೂ ಬಲ್ಲವರು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗಗಳು ನಿಂತವು. ರೋಗ ಇಂಥದೆಂದು ತಿಳಿಸಿದುದು ರೋಗಿಯೇ ಕಳುಹಿಸಿದ ಅಂಕೆಗಳು. ಅಲ್ಲಿಗೆ ಹೋಗಿ ನಾಡಿ ಹಿಡಿಯಬಲ್ಲ ವೈದ್ಯನಿರಲಿಲ್ಲ.

ದೂರಮಾಪನದ ನಿಜವಾದ ಬೆಲೆ ಸೋಲಿನ ದಿನ ತಿಳಿಯುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ–2ರ ‘ವಿಕ್ರಮ’ ಚಂದ್ರನ ಮೇಲೆ ಇಳಿಯತೊಡಗಿತ್ತು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಾಗಿತ್ತೆಂದೂ ಆಮೇಲೆ ಸಂಪರ್ಕ ಕಡಿಯಿತೆಂದೂ ಇಸ್ರೋ ಪ್ರಕಟಿಸಿತು. ನೌಕೆ ಹೋಯಿತು, ಲೆಕ್ಕ ಉಳಿಯಿತು. ವಿಜ್ಞಾನಿಗಳು ಪರಿಶೀಲಿಸಿದಾಗ ಕಂಡುದೇನು? ಐದು ಎಂಜಿನುಗಳು ನಿರೀಕ್ಷೆಗಿಂತ ಹೆಚ್ಚು ಬಲವನ್ನು ಕೊಟ್ಟಿದ್ದವು. ಸಣ್ಣ ಸಣ್ಣ ತಪ್ಪುಗಳು ಒಟ್ಟುಗೂಡಿದ್ದವು. ಅವನ್ನು ತಿದ್ದಲು ನೌಕೆ ಬೇಗನೆ ತಿರುಗಬೇಕಾಗಿದ್ದರೂ ತಂತ್ರಾಂಶ ಆ ವೇಗಕ್ಕೆ ಮಿತಿ ಹಾಕಿತ್ತು. ಇಳಿಯಲು ಗೊತ್ತುಮಾಡಿದ್ದ ಜಾಗವೂ ಅರ್ಧ ಕಿಲೋಮೀಟರಿನ ಚೌಕ ಮಾತ್ರ. ಚಂದ್ರಯಾನ–3ರಲ್ಲಿ ಒಂದು ಎಂಜಿನನ್ನು ಕಳೆದರು, ತಂತ್ರಾಂಶವನ್ನು ತಿದ್ದಿದರು, ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಅದು ಇಳಿದುದನ್ನು ನೀವೂ ನೋಡಿ ಹಿಗ್ಗಿರಬಹುದು.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿ ನೆನಪಾಗುತ್ತದೆ. 1982ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರವಾಯಿತು. ನಮ್ಮ ನೆರೆಮನೆಯ ಅಜ್ಜಿಯ ಮಗ ಅಂಥದೊಂದು ಗಿರಣಿಯಲ್ಲಿದ್ದನು. ಅಜ್ಜಿಗೆ ಓದು ಬಾರದು; ಬಂದ ಕಾರ್ಡುಗಳನ್ನು ಓದಿಹೇಳುವ ಕೆಲಸ ಹನ್ನೆರಡರ ಹುಡುಗನಾದ ನನ್ನದು. ಪ್ರತಿ ಕಾರ್ಡಿನಲ್ಲಿಯೂ ‘ನಾನು ಕ್ಷೇಮ’ ಎಂದೇ ಇರುತ್ತಿತ್ತು. ಅಜ್ಜಿ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಕಾರ್ಡು ಹಾಕಿದ ತಾರೀಕು ಯಾವುದು, ಹಿಂದಿನದಕ್ಕೂ ಇದಕ್ಕೂ ಎಷ್ಟು ದಿನ, ಮನಿಯಾರ್ಡರು ಬಂದು ಎಷ್ಟಾಯಿತು, ಇಷ್ಟೇ ಅವರ ಪ್ರಶ್ನೆ. ಒಂದು ದಿನ ಬೆರಳು ಮಡಚಿ ಎಣಿಸಿ, “ಕಾಗದ ಕ್ಷೇಮವಿದೆ ಮಗಾ, ಹುಡುಗ ಕ್ಷೇಮವಿಲ್ಲ. ಬಂದುಬಿಡು ಎಂದು ಬರೆ” ಎಂದರು. ಹುಡುಗ ಬಂದಾಗ ಅರೆಹೊಟ್ಟೆಯಲ್ಲಿ ಸೊರಗಿದ್ದನು.

ತಂತ್ರಾಂಶದ ಕ್ಷೇಮವನ್ನು ನೋಡಿಕೊಳ್ಳುವವರಿಗೆ ಈ ಅಜ್ಜಿಗಿಂತ ದೊಡ್ಡ ಗುರು ಬೇಕೆಂದು ನನಗೆ ತೋರುವುದಿಲ್ಲ. ‘ಎಲ್ಲವೂ ಸರಿ’ ಎಂಬ ಮಾತನ್ನಲ್ಲ, ಅಳೆದ ಅಂಕೆಯನ್ನು ಕೇಳಬೇಕು. ವೇಳೆಗೆ ಸರಿಯಾಗಿ ಕೇಳಬೇಕು. ಬಾರದ ವಾರ್ತೆಯೂ ಒಂದು ವಾರ್ತೆಯೇ. ಸರಾಸರಿಯನ್ನು ನಂಬಿ ಮೈಮರೆಯಬಾರದು. ತರಗತಿಯ ಸರಾಸರಿ ಐವತ್ತು ಅಂಕವಿದ್ದರೂ ಹಿಂದಿನ ಬೆಂಚಿನಲ್ಲಿ ಐದು ಅಂಕದವನೊಬ್ಬ ತಲೆತಗ್ಗಿಸಿ ಕುಳಿತಿರುತ್ತಾನೆ. ಉಪಾಧ್ಯಾಯನು ಹುಡುಕಬೇಕಾದುದು ಅವನನ್ನು. ಸಾವಿರ ಮಂದಿಗೆ ಕ್ಷಣದಲ್ಲಿ ಹಣ ಸಂದಾಯವಾಗಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತ ಒಬ್ಬನಿಗೆ ಆಗದೆಹೋದರೆ, ಸರಾಸರಿ ಅವನ ಮಾತನ್ನು ಹೇಳುವುದಿಲ್ಲ.

ಇಂದು ಈ ಊರಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಕುಳಿತು, ತಾವು ಎಂದೂ ಕಾಣದ ಯಂತ್ರಗಳ ಕ್ಷೇಮವನ್ನು ರಾತ್ರಿಯೆಲ್ಲ ವಿಚಾರಿಸುತ್ತಿರುತ್ತಾರೆ. ಅವರು ಮನೆಗೆ ಫೋನು ಮಾಡಿದಾಗ ‘ನಾನು ಕ್ಷೇಮ’ ಎನ್ನುತ್ತಾರೆ. ವಾಚಕರೇ, ಅಷ್ಟಕ್ಕೇ ಬಿಡಬೇಡಿ. ಊಟ ಎಷ್ಟು ಹೊತ್ತಿಗಾಯಿತು, ನಿದ್ದೆ ಎಷ್ಟು ತಾಸು ಬಂತು ಎಂದು ಆ ಅಜ್ಜಿಯಂತೆ ಕೇಳಿರಿ.