ಅಂಕಿಗಳ ಕಂಠಿಕೆ

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿರುವ ಗಂಗರ ಕಾಲದ ಪಂಚಕೂಟ ಬಸದಿಯನ್ನು ಕಂಡವರು ಜೈನರ ಶಿಲ್ಪಕೌಶಲವನ್ನು ಮೆಚ್ಚದೆ ಇರಲಾರರು. ಆದರೆ ಆ ಮತದ ವಿದ್ವಾಂಸರು ನಾಡಿಗೆ ಕೊಟ್ಟ ಆಭರಣಗಳೆಲ್ಲವೂ ಕಲ್ಲಿನವಲ್ಲ. ಅಂಕಿಗಳನ್ನೇ ಪೋಣಿಸಿದ ಹಾರವೊಂದುಂಟು. ಅದರ ವಿಚಾರವನ್ನು ಈ ಹೊತ್ತು ಅರಿಕೆ ಮಾಡುತ್ತೇನೆ.

ಒಂಬತ್ತನೆಯ ಶತಮಾನದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯು ಗಂಗವಾಡಿಗೆ ಸೇರಿದ್ದಿತು. ಉತ್ತರದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದನು. ಅವನ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು, ಹಗೆತನದಲ್ಲಿದ್ದ ಎರಡು ಮನೆತನಗಳು ಬಂಧುಗಳಾದವು. ನೃಪತುಂಗನೆಂದೊಡನೆ ನಮಗೆ ಕವಿರಾಜಮಾರ್ಗವು ನೆನಪಾಗುತ್ತದೆ. ಅದೇ ಅರಸನನ್ನು ಆರಂಭದಲ್ಲಿ ಸ್ತುತಿಸುವ ಮತ್ತೊಂದು ಗ್ರಂಥವೆಂದರೆ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ.

ಆಚಾರ್ಯನು ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿ, ಬಳಿಕ ಗುಣಾಕಾರಕ್ಕೆ ತೊಡಗುತ್ತಾನೆ. ಅಲ್ಲಿಯ ಒಂದು ಲೆಕ್ಕ ಹೀಗಿದೆ: 27994681ನ್ನು 441ರಿಂದ ಗುಣಿಸಬೇಕು. ನೋಡಲು ಎರಡೂ ಅಂದವಿಲ್ಲದ ಸಂಖ್ಯೆಗಳು. ಬಳಪ ಹಿಡಿದು ಗುಣಿಸಿದರೆ ಬರುವುದು 12345654321. ಎಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರಕ್ಕೆ ಏರಿ, ಆರರಿಂದ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಯಾವ ತುದಿಯಿಂದ ಓದಿದರೂ ಒಂದೇ. ಇಂತಹ ಕೆಲವು ಗುಣಲಬ್ಧಗಳನ್ನು ಆಚಾರ್ಯನು ಕಂಠಿಕೆ, ಎಂದರೆ ಕೊರಳ ಹಾರ, ಎಂದು ಕರೆದಿದ್ದಾನೆ.

ಇದರ ಮರ್ಮವೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದಕಾರಣ ನಮ್ಮ ಹಾರವು 111111ರ ವರ್ಗವೇ ಆಗಿದೆ. ಆರು ಒಂದುಗಳನ್ನು ಆರು ಸಾಲಾಗಿ, ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿರಿ: ಕಂಬಸಾಲುಗಳ ಮೊತ್ತವು ಒಂದು, ಎರಡು, ಮೂರು ಎಂದು ಆರರವರೆಗೆ ಬೆಳೆದು ಮತ್ತೆ ಕುಗ್ಗುತ್ತದೆ. ಯಾವುದೂ ಒಂಬತ್ತನ್ನು ಮೀರದುದರಿಂದ ದಶಕ ಒಯ್ಯಬೇಕಾಗಿಲ್ಲ. ಒಂಬತ್ತು ಒಂದುಗಳವರೆಗೂ ಈ ಕ್ರಮ ನಡೆದು, 12345678987654321 ಸಿಗುತ್ತದೆ. ಹತ್ತನೆಯ ಒಂದನ್ನು ಸೇರಿಸಿದೊಡನೆ ನಡುವಣ ಮೊತ್ತ ಹತ್ತಾಗಿ, ದಶಕ ಮುಂದಕ್ಕೆ ಹೋಗಿ, ದಾರ ಹರಿಯುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. 3, 7, 11, 13, 37 ಇವುಗಳಿಂದ ಭಾಗವಾಗುವುದು ಆ ಸಂಖ್ಯೆಯ ಹುಟ್ಟುಗುಣ. ಯಾವ ಲಿಪಿಯಲ್ಲಿ ಬರೆದರೂ ಅದು ತಪ್ಪದು. ಏರಿಳಿಯುವ ಚೆಲುವಾದರೋ ದಶಮಾನಪದ್ಧತಿಯಲ್ಲಿ ಬರೆದುದರ ಫಲ. ರೋಮನರ ಅಕ್ಷರಸಂಖ್ಯೆಗಳಲ್ಲಿ ಈ ಹಾರವು ಕಾಣಿಸುತ್ತಲೇ ಇರಲಿಲ್ಲ. ಸ್ಥಾನದಿಂದ ಬೆಲೆ ಪಡೆಯುವ ಅಂಕಿಗಳು ಆ ಕಾಲದಲ್ಲಿ ಎಷ್ಟು ಬಳಕೆಯಾಗಿದ್ದುವೆಂಬುದಕ್ಕೆ ಈ ವಿನೋದವೇ ಸಾಕ್ಷಿ.

ಇದು ಬರಿಯ ವಿನೋದವೂ ಅಲ್ಲ. ಶಿಷ್ಯನು ಒಂದಂಕಿ ತಪ್ಪಿದರೂ ಹಾರವು ಕೆಟ್ಟು, ತಪ್ಪು ತಾನೇ ಹೊರಬೀಳುತ್ತದೆ, ಗುರುವು ಬೈಯಬೇಕಾಗಿಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚುಮಾಡಿಸಿದರು. ಕವಿರಾಜಮಾರ್ಗವನ್ನು ಓದುವ ನಮ್ಮ ವಿದ್ಯಾರ್ಥಿಗಳು ಅದರ ಈ ಒಡಹುಟ್ಟನ್ನೂ ಪರಿಚಯ ಮಾಡಿಕೊಂಡರೆ, ನೃಪತುಂಗನ ಕಾಲದ ಚಿತ್ರವು ಪೂರ್ಣವಾದೀತು.