ತಪಸ್ಸು ಕಾಲ

ತಪಸ್ಸು ಕಾಲವು ಕ್ರೈಸ್ತರು ಪಾಸ್ಖ ಹಬ್ಬಕ್ಕೆ (ಈಸ್ಟರ್) ಮುನ್ನ ಪ್ರಾರ್ಥನೆ, ಉಪವಾಸ ಮತ್ತು ದಾನಧರ್ಮಗಳೊಂದಿಗೆ ಆಚರಿಸುವ ನಲವತ್ತು ದಿನಗಳ ಪಶ್ಚಾತ್ತಾಪದ ಅವಧಿ. ಲೆಂಟ್ ಎಂಬ ಹೆಸರೂ ಇದಕ್ಕಿದೆ. ಯೇಸುಕ್ರಿಸ್ತರು ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದುದನ್ನು ಈ ಅವಧಿಯು ಸ್ಮರಿಸುತ್ತದೆ. ಕಥೋಲಿಕರಲ್ಲದೆ ದಕ್ಷಿಣ ಭಾರತ ಸಭೆಯಂತಹ ಪ್ರಾಟೆಸ್ಟೆಂಟ್ ಸಭೆಗಳೂ ಇದನ್ನು ಆಚರಿಸುತ್ತವೆ.

ಕಾಲಗಣನೆ

ಕಥೋಲಿಕ ಸಂಪ್ರದಾಯದಲ್ಲಿ ತಪಸ್ಸು ಕಾಲವು ವಿಭೂತಿ ಬುಧವಾರದಂದು ಆರಂಭವಾಗಿ ಪವಿತ್ರ ಗುರುವಾರದ ಸಂಜೆ ಮುಗಿಯುತ್ತದೆ. ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದ ಮುನ್ನಾದಿನದವರೆಗೆ 46 ದಿನಗಳಿವೆ. ಭಾನುವಾರವು ಪುನರುತ್ಥಾನದ ದಿನವಾದ್ದರಿಂದ 6 ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿಯುವುದು 40 ದಿನಗಳು. ಪಾಸ್ಖ ಹಬ್ಬವು ಹುಣ್ಣಿಮೆಯನ್ನು ಅನುಸರಿಸುವುದರಿಂದ ದಿನಾಂಕಗಳು ಪ್ರತಿವರ್ಷ ಬದಲಾಗುತ್ತವೆ. 2025ರಲ್ಲಿ ವಿಭೂತಿ ಬುಧವಾರ ಮಾರ್ಚ್ 5ರಂದು, ಪಾಸ್ಖ ಹಬ್ಬ ಏಪ್ರಿಲ್ 20ರಂದು ಬಂದವು.

ಮೈಸೂರಿನ ಹಿನ್ನೆಲೆ

17ನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದರು. 1886ರಲ್ಲಿ ಮೈಸೂರು ಧರ್ಮಕ್ಷೇತ್ರ ರಚನೆಯಾಯಿತು. ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳು ಇಂದು ಇದರ ವ್ಯಾಪ್ತಿಯಲ್ಲಿವೆ. ನಗರದ ಈಶಾನ್ಯ ಭಾಗದ ಕೆಸರೆಯೂ ಇದಕ್ಕೆ ಸೇರುತ್ತದೆ. ಧರ್ಮಕ್ಷೇತ್ರದ ಪ್ರಧಾನಾಲಯವು ಸಂತ ಫಿಲೋಮಿನಾ ಚರ್ಚ್. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದರ ಶಂಕುಸ್ಥಾಪನೆ ನೆರವೇರಿಸಿದರು.

ತಪಸ್ಸು, ವಿಭೂತಿ, ಉಪವಾಸ, ಜಾಗರಣೆ ಎಂಬ ನಾಡಿನ ಧಾರ್ಮಿಕ ಪದಗಳೇ ಕನ್ನಡ ಕ್ರೈಸ್ತರ ಆರಾಧನೆಯಲ್ಲಿಯೂ ಬಳಕೆಯಲ್ಲಿವೆ. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ದೇಶಭಾಷೆಗಳಿಗೆ ಅವಕಾಶ ನೀಡಿದ ಮೇಲೆ ಲ್ಯಾಟಿನ್ ಬದಲಿಗೆ ಕನ್ನಡದಲ್ಲಿ ಬಲಿಪೂಜೆ ನಡೆಯತೊಡಗಿತು.

ವಿಧಿಗಳು

ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ವಿಭೂತಿಯನ್ನು ಸಿದ್ಧಪಡಿಸುವುದು ವಾಡಿಕೆ. ಮನುಷ್ಯನು ಮಣ್ಣಿಗೆ ಮರಳುವವನೆಂಬುದನ್ನು ನೆನಪಿಸುತ್ತ ಗುರುಗಳು ಅದನ್ನು ಭಕ್ತರ ಹಣೆಗೆ ಶಿಲುಬೆಯಾಕಾರದಲ್ಲಿ ಹಚ್ಚುತ್ತಾರೆ. ಪೂಜಾವಸ್ತ್ರಗಳು ನೇರಳೆ ಬಣ್ಣದ್ದಾಗಿರುತ್ತವೆ. ಅಲ್ಲೆಲೂಯ ಗಾನವನ್ನು ಪಾಸ್ಖ ಜಾಗರಣೆಯವರೆಗೆ ಹಾಡುವುದಿಲ್ಲ. ಶುಕ್ರವಾರಗಳಂದು ಧರ್ಮಕೇಂದ್ರಗಳಲ್ಲಿ ಯೇಸುವಿನ ಯಾತನೆ ಮತ್ತು ಮರಣವನ್ನು 14 ಸ್ಥಳಗಳಲ್ಲಿ ಧ್ಯಾನಿಸುವ ಶಿಲುಬೆಯ ಹಾದಿ ನಡೆಯುತ್ತದೆ. ಪಾಪನಿವೇದನೆಗೂ ಈ ಅವಧಿಯಲ್ಲಿ ವಿಶೇಷ ಮಹತ್ವವಿದೆ.

ಉಪವಾಸದ ನಿಯಮಗಳು

1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸದ ದಿನಗಳು. 18 ವರ್ಷ ತುಂಬಿದವರು 59 ವರ್ಷ ಪೂರೈಸುವವರೆಗೆ ಉಪವಾಸಕ್ಕೆ ಬದ್ಧರು. ಈ ಉಪವಾಸವು ನಿರಾಹಾರವಲ್ಲ. ಒಂದು ಪೂರ್ಣ ಊಟ ಮಾಡಿ, ಬೇರೆ ಎರಡು ಹೊತ್ತು ಅಲ್ಪಾಹಾರ ಸೇವಿಸಬಹುದು. ಆದ್ದರಿಂದ ಇದು ಕನ್ನಡ ನಾಡಿನ ಒಪ್ಪತ್ತಿಗೆ ಹತ್ತಿರವಾದುದು. ಶುಕ್ರವಾರಗಳ ಮಾಂಸವರ್ಜನೆಯು 14 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಅದಕ್ಕೆ ಬದಲಾಗಿ ಬೇರೆ ತ್ಯಾಗವನ್ನು ಸೂಚಿಸುವ ಅಧಿಕಾರ ಧರ್ಮಾಧ್ಯಕ್ಷರ ಮಂಡಳಿಗಿದೆ. ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಕಠಿಣ ದೈಹಿಕ ದುಡಿಮೆಯವರು ಸಂಪ್ರದಾಯದಂತೆ ಉಪವಾಸದಿಂದ ವಿನಾಯಿತಿ ಪಡೆಯುತ್ತಾರೆ.

ದಾನಧರ್ಮ

ಉಪವಾಸದಿಂದ ಉಳಿದುದು ಹಸಿದವರಿಗೆ ಸಲ್ಲಬೇಕೆಂಬುದು ಈ ಆಚರಣೆಯ ಮೂಲತತ್ತ್ವಗಳಲ್ಲೊಂದು. ಬೈಬಲ್ಲಿನ ಯೆಶಾಯನ ಗ್ರಂಥದ 58ನೆಯ ಅಧ್ಯಾಯವು ಅನ್ಯಾಯವನ್ನು ಮುಂದುವರಿಸುತ್ತಲೇ ಕೈಗೊಳ್ಳುವ ಉಪವಾಸವನ್ನು ಖಂಡಿಸಿ, ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದನ್ನು ನಿಜವಾದ ಉಪವಾಸವೆನ್ನುತ್ತದೆ. ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯವು ದಾನ, ಪ್ರಾರ್ಥನೆ, ಉಪವಾಸಗಳನ್ನು ಪ್ರದರ್ಶನಕ್ಕಾಗಿ ಮಾಡಬಾರದೆಂದು ಎಚ್ಚರಿಸುತ್ತದೆ. ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಇದೇ ವಾಚನವಿರುತ್ತದೆ. ಭಾರತದ ಕಥೋಲಿಕ ಧರ್ಮಸಭೆಯ ಸೇವಾಸಂಸ್ಥೆಯಾದ ಕಾರಿತಾಸ್ ಇಂಡಿಯಾ ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗಗಳ ವಿರುದ್ಧದ ಅಭಿಯಾನಕ್ಕೆ ಕಾಣಿಕೆ ಸಂಗ್ರಹಿಸುತ್ತದೆ.

ರಂಜಾನ್‌ನೊಂದಿಗೆ ಹೋಲಿಕೆ

ಚಾಂದ್ರಮಾನ ಪಂಚಾಂಗವನ್ನು ಅನುಸರಿಸುವ ರಂಜಾನ್ ಮಾಸವು ಕೆಲವು ವರ್ಷಗಳಲ್ಲಿ ತಪಸ್ಸು ಕಾಲದೊಂದಿಗೆ ಕೂಡಿ ಬರುತ್ತದೆ. 2025ರಲ್ಲಿ ಭಾರತದಲ್ಲಿ ರಂಜಾನ್ ಮಾರ್ಚ್ 2ರಂದು ಆರಂಭವಾದುದರಿಂದ ಎರಡೂ ಸಮುದಾಯಗಳು ಮಾರ್ಚ್ ತಿಂಗಳ ಬಹುಭಾಗವನ್ನು ವ್ರತದಲ್ಲಿ ಕಳೆದವು. ರಂಜಾನ್‌ನಲ್ಲಿ ಪ್ರತಿದಿನ ಸೂರ್ಯಾಸ್ತದವರೆಗೆ ನೀರನ್ನೂ ಸೇವಿಸುವುದಿಲ್ಲ. ತಪಸ್ಸು ಕಾಲದ ಕಡ್ಡಾಯ ಉಪವಾಸ ಎರಡೇ ದಿನ, ಅಂದು ನೀರಿಗೆ ನಿರ್ಬಂಧವಿಲ್ಲ. ಬಡವರಿಗೆ ದಾನ ನೀಡುವುದು ಎರಡೂ ವ್ರತಗಳಿಗೆ ಸಮಾನವಾದ ಅಂಶ.