ಕಂಪ್ಯೂಟರ್ ಯಂತ್ರಾಂಶದ ದೋಷ ಪತ್ತೆ: ತಿಪಟೂರು ಸೀಮೆಯ ಸಂದರ್ಭ

ಕಂಪ್ಯೂಟರ್ ಆನ್ ಆಗದಿರುವುದು, ಆನ್ ಆದರೂ ಡಿಸ್ಪ್ಲೇ ಬಾರದಿರುವುದು, ವಿಂಡೋಸ್ ಅರ್ಧಕ್ಕೆ ಬಂದು ನಿಲ್ಲುವುದು, ಕೆಲಸದ ನಡುವೆ ನೀಲಿ ಪರದೆ ತೋರಿಸಿಯೋ ತೋರಿಸದೆಯೋ ತಾನಾಗಿ ರೀಸ್ಟಾರ್ಟ್ ಆಗುವುದು, ಇವುಗಳ ಹಿಂದೆ ಯಾವ ಬಿಡಿಭಾಗ ಕೆಟ್ಟಿದೆ ಎಂದು ಕ್ರಮವಾಗಿ ಕಂಡುಹಿಡಿಯುವ ಕೆಲಸವೇ ಯಂತ್ರಾಂಶ ದೋಷ ಪತ್ತೆ. ಬಿಡಿಭಾಗಗಳು ಎಲ್ಲ ಊರಲ್ಲೂ ಒಂದೇ. ಅವು ಕೆಡುವ ಬಗೆ ಮಾತ್ರ ಆಯಾ ಊರಿನ ಕರೆಂಟು, ಧೂಳು, ಹವೆಯನ್ನು ಅನುಸರಿಸುತ್ತದೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ಕೆಲಸವನ್ನು ಗೋಡೆಯ ಪ್ಲಗ್ಗಿನಿಂದ ಶುರುಮಾಡಿ ಒಳಕ್ಕೆ ಹೋಗುವುದು ಸರಿಯಾದ ದಾರಿ. ಮೊದಲೇ ಮದರ್‌ಬೋರ್ಡಿಗೆ ಕೈಹಾಕಿದರೆ ಸಾಮಾನ್ಯವಾಗಿ ದುಡ್ಡು ದಂಡ.

ಇಲ್ಲಿ ಕಂಪ್ಯೂಟರ್ ಕೆಟ್ಟರೆ ನಿಲ್ಲುವ ಕೆಲಸಗಳು ಕಡಿಮೆಯೇನಲ್ಲ. ಭೂಮಿ ಯೋಜನೆಯಲ್ಲಿ 2000ದ ದಶಕದ ಆರಂಭಕ್ಕೆ ತಾಲ್ಲೂಕು ಕಚೇರಿಗಳ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ರೈತರು 15 ರೂಪಾಯಿ ಕೊಟ್ಟು ಪ್ರಿಂಟು ಪಡೆಯತೊಡಗಿದರು. ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು ಎಪಿಎಂಸಿಯಲ್ಲಿ ಹರಾಜು ಆನ್‌ಲೈನ್ ಟೆಂಡರಿಗೆ ಬದಲಾಯಿತು. ಅದರ ಹಿಂದಿರುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ನಡೆಸಲು ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ 2014ರಲ್ಲಿ ಹುಟ್ಟಿಕೊಂಡಿತು. ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಮಂಡಿಯ ಟ್ಯಾಲಿ ಲೆಕ್ಕ, ಫೋಟೋ ಸ್ಟುಡಿಯೋ ಎಲ್ಲಕ್ಕೂ ಮೇಜಿನ ಮೇಲಿನ ಆ ಒಂದು ಪೆಟ್ಟಿಗೆಯೇ ಆಧಾರ. ಕೌಂಟರಿನ ಮುಂದೆ ನಿಂತವರಿಗೆ ಎಲ್ಲ ತೊಂದರೆಗೂ ಸಿಗುವ ಉತ್ತರ ‘ಸರ್ವರ್ ಇಲ್ಲ’ ಎಂಬುದೊಂದೇ. ನಿಜಕ್ಕೂ ಸರ್ವರ್ ಕೈಕೊಟ್ಟಿದ್ದರೆ ಪಕ್ಕದ ಯಂತ್ರದಲ್ಲೂ ಅದೇ ಪುಟ ತೆರೆಯದು. ಒಂದೇ ಯಂತ್ರದಲ್ಲಿ ತೆರೆಯದಿದ್ದರೆ ದೋಷ ಆ ಯಂತ್ರದಲ್ಲೇ ಇದೆ.

ಶುರುವಾಗುವ ಕ್ರಮ

ಪವರ್ ಬಟನ್ ಒತ್ತಿದಾಗ ಕರೆಂಟು ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಎಚ್ಚರಗೊಂಡು, ತನ್ನ ವೋಲ್ಟೇಜುಗಳು ಸ್ಥಿರವಾದ ಮೇಲೆ ಬೋರ್ಡಿಗೆ ಸೂಚನೆ ಕೊಡುತ್ತದೆ. ಬಳಿಕ ಬೋರ್ಡಿನ ಆರಂಭಿಕ ತಂತ್ರಾಂಶವಾದ ಬಯಾಸ್ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಇವುಗಳನ್ನು ಪರೀಕ್ಷಿಸಿ ಕೊನೆಗೆ ಡಿಸ್ಕನ್ನು ಹುಡುಕುತ್ತದೆ. ಯಂತ್ರ ಎಲ್ಲಿ ನಿಂತಿತು ಎಂದು ನೋಡಿದರೆ ಅರ್ಧ ಪತ್ತೆ ಮುಗಿದಂತೆ. ಫ್ಯಾನೇ ತಿರುಗದಿದ್ದರೆ ಕರೆಂಟಿನ ದಾರಿ. ಫ್ಯಾನ್ ತಿರುಗಿ ಡಿಸ್ಪ್ಲೇ ಬಾರದಿದ್ದರೆ ರ‍್ಯಾಮ್, ಗ್ರಾಫಿಕ್ಸ್ ಅಥವಾ ಬೋರ್ಡು. ಕಂಪನಿಯ ಲೋಗೋ ಮೂಡಿ ಬೂಟ್ ಸಾಧನ ಸಿಗಲಿಲ್ಲ ಎಂದರೆ ಡಿಸ್ಕು ಅಥವಾ ಅದರ ಕೇಬಲ್ಲು. 1981ರ ಐಬಿಎಂ ಪಿಸಿಯ ಕಾಲದಿಂದಲೂ ಬೀಪ್ ಸದ್ದು ಈ ಪರೀಕ್ಷೆಯ ಫಲಿತಾಂಶ ಹೇಳುತ್ತ ಬಂದಿದೆ. ಆದರೆ ಸಂಕೇತಗಳು ಬಯಾಸ್ ತಯಾರಕರಿಗೆ ತಕ್ಕಂತೆ ಬೇರೆಬೇರೆ. ಅವಾರ್ಡ್ ಬಯಾಸಿನಲ್ಲಿ ಒಂದು ಚಿಕ್ಕ ಬೀಪ್ ಎಂದರೆ ಎಲ್ಲ ಸರಿಯಿದೆ ಎಂದರ್ಥ. ಎಎಂಐನ ಹಳೆಯ ಪಟ್ಟಿಯಲ್ಲಿ ಅದೇ ಬೀಪ್ ಮೆಮೊರಿ ದೋಷದ ಸೂಚನೆ. ಈಚಿನ ಎಷ್ಟೋ ಬೋರ್ಡುಗಳಲ್ಲಿ ಸ್ಪೀಕರಿನ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿದ್ದು, ಯಾವುದು ಆರದೆ ಉಳಿಯುತ್ತದೋ ತೊಂದರೆ ಅಲ್ಲಿ.

ಕರೆಂಟು

ಈ ಸೀಮೆಯಲ್ಲಿ ಅತಿ ಹೆಚ್ಚು ಗಮನ ಬೇಡುವುದು ಕರೆಂಟೇ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ರಾಜ್ಯದ ನೀತಿ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕನ್ವರ್ಟರ್ ಇಟ್ಟು ಸಿಂಗಲ್ ಫೇಸಿನಲ್ಲೇ ಮೋಟಾರು ಓಡಿಸಿದರೆ ಅದೇ ಲೈನಿನ ಮನೆ, ಅಂಗಡಿಗಳಿಗೆ ಲೋ ವೋಲ್ಟೇಜ್. ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಕಡಿದುಹೋಗುವುದು. ಆಗ 230 ವೋಲ್ಟ್ ಬರಬೇಕಾದ ಸಾಕೆಟ್ಟಿನಲ್ಲಿ 400ರ ಹತ್ತಿರಕ್ಕೂ ಏರಬಹುದು. ಎಸ್‌ಎಂಪಿಎಸ್, ಟಿವಿ, ಚಾರ್ಜರ್ ಒಟ್ಟಿಗೇ ಸುಡುತ್ತವೆ. ಮನೆಯ ಬೇರೆ ವಸ್ತುಗಳೂ ಅದೇ ದಿನ ಕೆಟ್ಟವೇ ಎಂಬುದು ರಿಪೇರಿಯವರು ಕೇಳಲೇಬೇಕಾದ ಮೊದಲ ಪ್ರಶ್ನೆ.

ಎಸ್‌ಎಂಪಿಎಸ್ ಬದುಕಿದೆಯೇ ಎಂದು ತಿಳಿಯಲು ಅದನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಯನ್ನೂ ಯಾವುದಾದರೂ ಕಪ್ಪು ತಂತಿಯನ್ನೂ ಪೇಪರ್ ಕ್ಲಿಪ್ಪಿನಿಂದ ಜೋಡಿಸುತ್ತಾರೆ. ಫ್ಯಾನ್ ತಿರುಗಿದರೆ ಅದು ಸತ್ತಿಲ್ಲ ಎಂದಷ್ಟೇ ಅರ್ಥ, ಚೆನ್ನಾಗಿದೆ ಎಂದಲ್ಲ. ಲೋಡಿನಲ್ಲಿರುವಾಗ ಮಲ್ಟಿಮೀಟರ್ ಹಿಡಿದು ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಇದೆಯೇ ನೋಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

‘ಕರೆಂಟ್ ಹೋದಾಗಲೆಲ್ಲ ಇನ್ವರ್ಟರ್ ಇದ್ದರೂ ರೀಸ್ಟಾರ್ಟ್ ಆಗುತ್ತದೆ’ ಎಂಬ ದೂರಿಗೆ ಎಷ್ಟೋ ಸಲ ಕಂಪ್ಯೂಟರೇ ಕಾರಣವಲ್ಲ. ಮನೆ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಯುಪಿಎಸ್, ನಾರ್ಮಲ್ ಎಂಬ ಸಣ್ಣ ಸ್ವಿಚ್ಚೊಂದಿರುತ್ತದೆ. ನಾರ್ಮಲ್ ಸ್ಥಾನದಲ್ಲಿ ಅದು ಲೋ ವೋಲ್ಟೇಜನ್ನೂ ಹಾಗೇ ಹರಿಯಬಿಡುತ್ತದೆ, ಬ್ಯಾಟರಿಗೆ ಬದಲಾಗುವುದೂ ನಿಧಾನ. ಕರೆಂಟು ತಪ್ಪಿದ ಮೇಲೆ ಎಸ್‌ಎಂಪಿಎಸ್ ತನ್ನ ಬಲದಲ್ಲೇ ತಡೆಯಬೇಕಾದದ್ದು ಎಟಿಎಕ್ಸ್ ಮಾನದಂಡದಂತೆ ಸುಮಾರು 16 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸಿನ ಒಂದು ಸುತ್ತಿಗಿಂತ ಕಡಿಮೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದರೆ ತೊಂದರೆ ಹೋಗಬಹುದು, ಖರ್ಚಿಲ್ಲದೆ. ಹಾಗೆಯೇ ಯುಪಿಎಸ್ಸಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಸೊರಗಿದರೆ ಲೋಡು ಬಿದ್ದ ಕ್ಷಣವೇ ಎಲ್ಲ ಆಫ್; ಬೈಗುಳ ಬೋರ್ಡಿಗೆ.

ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕಾಣುವ ‘ಕರ್ನಲ್ ಪವರ್ 41’ ಎಂಬ ದಾಖಲೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದು ಮಾತ್ರ ಹೇಳುತ್ತದೆ. ಅದರ ವಿವರದಲ್ಲಿ ಬಗ್‌ಚೆಕ್ ಸಂಖ್ಯೆ ಸೊನ್ನೆಯಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲೆ, ಇಲ್ಲವೇ ಯಂತ್ರ ಪೂರ್ತಿ ಹ್ಯಾಂಗ್ ಆಗಿರಬೇಕು. ಬೇರೆ ಸಂಖ್ಯೆಯಿದ್ದರೆ ನೀಲಿ ಪರದೆ ಬಂದಿತ್ತು ಎಂದರ್ಥ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಕರೆಂಟಿನ ತಂತಿಯಿಂದಲೇ ಬರಬೇಕೆಂದಿಲ್ಲ. ತಾಮ್ರದ ಲ್ಯಾನ್ ಕೇಬಲ್ಲಿನಿಂದ ಒಳನುಗ್ಗಿ ನೆಟ್‌ವರ್ಕ್ ಪೋರ್ಟನ್ನಷ್ಟೇ ಸುಟ್ಟು ಬೋರ್ಡನ್ನು ಉಳಿಸುವುದೂ ಉಂಟು. ಆಗ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಹಾಕಿದರೆ ಸಾಕು.

ಧೂಳು, ಬಿಸಿ

ತೆಂಗಿನ ಮಟ್ಟೆಯಿಂದ ನಾರು ಬಿಡಿಸುವಾಗ ಏಳುವ ಪುಡಿ ಹಗುರ, ನೀರು ಹೀರುವುದರಲ್ಲಿ ಮುಂದು. ಅದರಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುವುದರಿಂದಲೇ ಕೋಕೋಪೀಟ್ ಮಾಡುವವರು ಅದನ್ನು ತೊಳೆದು ವಿದ್ಯುತ್ ವಾಹಕತೆ ಇಳಿಸಿ ಮಾರುತ್ತಾರೆ. ತೊಳೆಯದ ಅದೇ ಪುಡಿ ಬೋರ್ಡಿನ ಮೇಲೆ ಕೂತು ಮಳೆಗಾಲದಲ್ಲಿ ತೇವ ಹಿಡಿದರೆ ಪಿನ್ನುಗಳ ನಡುವೆ ಸೋರಿಕೆಗೆ ದಾರಿ. ಬೇಸಿಗೆಯಲ್ಲಿ ಓಡಿದ ಯಂತ್ರ ಮಳೆಗಾಲದ ಬೆಳಿಗ್ಗೆ ಆನ್ ಆಗದೆ, ಮಧ್ಯಾಹ್ನ ಆನ್ ಆದರೆ ಇದನ್ನು ಅನುಮಾನಿಸಬೇಕು. ಪ್ರೊಸೆಸರ್ ಫ್ಯಾನ್ ಬಿಚ್ಚಿ ನೋಡಿದರೆ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿನಲ್ಲಿ ಧೂಳು ನಾರಿನ ಚಾಪೆಯಂತೆ ಹೆಣೆದುಕೊಂಡಿರುತ್ತದೆ. ಫ್ಯಾನ್ ಸದ್ದು ಮಾಡುತ್ತಿದ್ದರೂ ಗಾಳಿ ದಾಟುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆಯಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳು. ಒಣಗಿದ ಥರ್ಮಲ್ ಪೇಸ್ಟನ್ನು ಅದೇ ಹೊತ್ತಿಗೆ ಬದಲಿಸುವುದು ಒಳ್ಳೆಯದು.

ರ‍್ಯಾಮ್ ಮತ್ತು ಬಯಾಸ್ ಸೆಲ್

ಡಿಸ್ಪ್ಲೇ ಬಾರದಿದ್ದಾಗ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳ್ಳಿಯ ಅಂಗಡಿಯವರೆಗೆ ಎಲ್ಲರೂ ಮಾಡುವ ಕೆಲಸ, ಅದರಿಂದ ಸರಿಹೋಗುವುದೂ ಸುಳ್ಳಲ್ಲ. ಸರಿಹೋಗದಿದ್ದರೆ ಒಂದೇ ರ‍್ಯಾಮ್ ಪಟ್ಟಿಯನ್ನು ಇಟ್ಟು, ಸ್ಲಾಟ್ ಬದಲಿಸುತ್ತ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿದಾಗ ಒಂದೇ ಒಂದು ದೋಷ ಕಂಡರೂ ಆ ಪಟ್ಟಿಯನ್ನು ನಂಬುವಂತಿಲ್ಲ. ಗೂಗಲ್ ಸರ್ವರುಗಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ರಷ್ಟು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡಿತ್ತು. ಸರ್ವರ್ ಮೆಮೊರಿ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ.

ಬೋರ್ಡಿನ ಸಿಆರ್2032 ಸೆಲ್ಲಿನ ಬೆಲೆ ಅಲ್ಪ, ಕಾಟ ದೊಡ್ಡದು. 3 ವೋಲ್ಟಿನ ಈ ಸೆಲ್ ಇಳಿದರೆ, ಪ್ಲಗ್ ಕಿತ್ತಿಟ್ಟ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ತಾರೀಖು ಹಲವು ವರ್ಷ ಹಿಂದಕ್ಕೆ. ಬ್ರೌಸರ್ ಭದ್ರತಾ ಪ್ರಮಾಣಪತ್ರವನ್ನು ಒಪ್ಪದೆ ಪೋರ್ಟಲ್ ತೆರೆಯುವುದಿಲ್ಲ, ಜನಕ್ಕೆ ಮತ್ತೆ ‘ಸರ್ವರ್ ಇಲ್ಲ’ ಎಂಬ ಉತ್ತರ. ಬಯಾಸಿನ ಡಿಸ್ಕ್ ಸೆಟ್ಟಿಂಗೂ ಮೂಲಕ್ಕೆ ಮರಳಿ ವಿಂಡೋಸ್ 0ಎಕ್ಸ್7ಬಿ ನೀಲಿ ಪರದೆಯಲ್ಲಿ ನಿಲ್ಲಬಹುದು. ಡಿಸ್ಕ್ ಹೋಯಿತೆಂದು ಹೊಸದು ತರಿಸುವ ಮುಂಚೆ ತಾರೀಖು ನೋಡಬೇಕು.

ಡಿಸ್ಕ್

‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ’ ಎಂಬುದು ರಿಪೇರಿ ಲೋಕದ ಅತಿ ದುಬಾರಿ ಮಾತು. ವರ್ಷಗಳ ಟ್ಯಾಲಿ ಲೆಕ್ಕ ಹೋಗುವುದು ಹೀಗೆಯೇ. ಮೊದಲು ಡೇಟಾ ನಕಲು, ಆಮೇಲೆ ಉಳಿದದ್ದು. ಡಿಸ್ಕು ತನ್ನ ಸ್ಥಿತಿಯ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯಲ್ಲಿ 5 ಮತ್ತು 197ನೆಯ ಸಾಲುಗಳು ಕೆಟ್ಟ ಸೆಕ್ಟರುಗಳ ಲೆಕ್ಕ. ಏರುತ್ತಿದ್ದರೆ ಡಿಸ್ಕ್ ಬದಲಿಸಬೇಕು. 199 ಏರುತ್ತಿದ್ದರೆ ಮಾತ್ರ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಬೇಕು. ಸ್ಮಾರ್ಟ್ ಸರಿಯಿದೆ ಎಂದಮಾತ್ರಕ್ಕೆ ನೆಮ್ಮದಿಯಿಂದಿರುವಂತಿಲ್ಲ: 2007ರ ಗೂಗಲ್ ಅಧ್ಯಯನದಲ್ಲಿ ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದೂ ಕಂಡಿರಲಿಲ್ಲ. ಟಕ್ ಟಕ್ ಸದ್ದು ಬರುತ್ತಿದ್ದರೆ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಬಾರದು. ಎಸ್‌ಎಸ್‌ಡಿಗೆ ಆ ಸದ್ದೂ ಇಲ್ಲ.

ಅಪರೂಪದ ಕಾರಣಗಳು

ಪ್ರೊಸೆಸರ್ ಕೆಡುವುದು ವಿರಳ. ಆದರೂ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಸವೆದು ಕ್ರ್ಯಾಶ್ ಆಗುತ್ತಿದ್ದುದು 2024ರಲ್ಲಿ ದೃಢಪಟ್ಟಿತು. ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ, ಬಯಾಸ್ ಅಪ್‌ಡೇಟಿನ ಮೂಲಕ ತಿದ್ದುಪಡಿ ಕೊಟ್ಟಿತು. 2000ದ ದಶಕದ ಆರಂಭದ ಬೋರ್ಡುಗಳಲ್ಲಿ ತಲೆ ಉಬ್ಬಿದ ಕೆಪಾಸಿಟರುಗಳು ಬರಿಗಣ್ಣಿಗೇ ಕಾಣುತ್ತಿದ್ದವು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಾಗ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ. ಇಂಥದ್ದನ್ನು ಬೇರ್ಪಡಿಸಲು ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಕೆಲವು ಗಂಟೆ ಕೆಲಸ ಕೊಟ್ಟು ಬಿಡುತ್ತಾರೆ. ಯಂತ್ರ ಅಲುಗದೆ ಓಡಿದರೆ, ಡಿಸ್ಕೊಂದನ್ನು ಬಿಟ್ಟು ಉಳಿದ ಭಾಗಗಳ ಮೇಲಿನ ಅನುಮಾನ ಬಹುಮಟ್ಟಿಗೆ ತೀರುತ್ತದೆ.